ಅಮೆರಿಕದ ಅಭ್ಯರ್ಥಿಗಳ ಮಾತು ಸಾಕು, ಮತದ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

2026ರ ನವೆಂಬರ್ 3ರಂದು ಅಮೆರಿಕದ ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಚುನಾವಣೆ. ಕೆಳಮನೆಯ 435 ಸ್ಥಾನಗಳಿಗೂ ಸೆನೆಟ್‌ನ ಮೂರನೇ ಒಂದರಷ್ಟು ಸ್ಥಾನಗಳಿಗೂ ಅಂದೇ ಮತದಾನ. ‘ಕಾಂಗ್ರೆಸ್ ಅಭ್ಯರ್ಥಿಗೆ ಹಿನ್ನಡೆ’ ಎಂಬ ತಲೆಬರಹ ಬೆಳಗಾವಿಯದೋ ಬೋಸ್ಟನ್ನಿನದೋ ಎಂದು ಓದುಗರು ತಲೆ ಕೆರೆದುಕೊಳ್ಳುವ ಕಾಲ ಮತ್ತೆ ಬಂತು.

ಕನ್ನಡ ಪತ್ರಿಕೆಗಳಲ್ಲಿ ಈ ಅಭ್ಯರ್ಥಿಗಳ ಬಗ್ಗೆ ಬರುವ ವರದಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಭಾರತ ಮೂಲದವರೇ, ಟ್ರಂಪ್ ಪರವೇ ವಿರುದ್ಧವೇ, ದೀಪಾವಳಿಗೆ ದೀಪ ಹಚ್ಚಿದರೇ, ಇಷ್ಟೇ. ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನ 13ನೇ ಕ್ಷೇತ್ರದಿಂದ ಗೆದ್ದಾಗ ನಮಗೆ ಹೆಮ್ಮೆಯಾಗಿದ್ದು ಸಹಜ. ಆದರೆ ಅವರನ್ನು ಕಳಿಸಿದ್ದು ಡೆಟ್ರಾಯಿಟ್ ಸುತ್ತಲಿನ ಮತದಾರರು. ಅವರು ಕೇಳುವುದು ಬಾಡಿಗೆ, ಔಷಧ, ವಿಮೆಯ ಲೆಕ್ಕ. ಈ ಬಾರಿ ಅಲ್ಲಿನ ಪ್ರಚಾರದಲ್ಲಿ ಮೂರು ಸಂಗತಿಗಳು ಎಲ್ಲರ ಬಾಯಲ್ಲಿವೆ: ಬದುಕಿನ ಖರ್ಚು, ಸರ್ಕಾರದ ಮೇಲಿನ ನಿಗಾ, ವಿದೇಶಾಂಗ ನೀತಿ. ಮೂರರಲ್ಲೂ ಅಭ್ಯರ್ಥಿಯ ‘ನಿಲುವು’ ತಿಳಿಯಲು ಭಾಷಣ ಸಾಲದು. ಆ ಸ್ಥಾನಕ್ಕೆ ಯಾವ ಅಧಿಕಾರವಿದೆ, ಯಾವ ಮಸೂದೆಗೆ ಯಾವ ದಿನ ಸಹಿ ಹಾಕಿದರು, ಯಾವ ಮತದಾನದಲ್ಲಿ ಏನು ಮಾಡಿದರು ಎಂಬುದನ್ನು ನೋಡಬೇಕು. ಇವೆಲ್ಲ ಅಲ್ಲಿ ಸಾರ್ವಜನಿಕ ದಾಖಲೆ. ಬೆಂಗಳೂರಿನಲ್ಲಿ ಕೂತೂ ನೋಡಬಹುದು.

ಮೊದಲು ‘ಅಫೋರ್ಡಬಿಲಿಟಿ’. ನಮ್ಮಲ್ಲಿ ಇದನ್ನು ‘ಕೈಗೆಟುಕುವಿಕೆ’ ಎಂದು ಅನುವಾದಿಸಿ ಕೈತೊಳೆದುಕೊಳ್ಳುತ್ತಾರೆ. ಇದು ಹಣದುಬ್ಬರವಲ್ಲ. ಅಮೆರಿಕದಲ್ಲಿ ಹಣದುಬ್ಬರ 2022ರ ಜೂನ್‌ನಲ್ಲಿ 9.1%ಕ್ಕೆ ಏರಿ ಆಮೇಲೆ ಇಳಿಯಿತು. ಇಳಿದದ್ದು ಬೆಲೆ ಏರುವ ವೇಗ. ಏರಿದ ಬೆಲೆ ಏರಿದಲ್ಲೇ ನಿಂತಿತು. ‘ಹಣದುಬ್ಬರ ಇಳಿದರೂ ಜನ ಅಸಮಾಧಾನ’ ಎಂದು ಅಚ್ಚರಿಯಿಂದ ಬರೆಯುವ ವರದಿಗಾರರು ಇದನ್ನು ಮರೆಯುತ್ತಾರೆ. ಇನ್ನು ಕಾಂಗ್ರೆಸ್‌ನ ಕೈಯಲ್ಲಿ ಇಲ್ಲದ ಭರವಸೆಗಳೂ ಬೇಕಾದಷ್ಟಿವೆ. ಯಾವ ಬಡಾವಣೆಯಲ್ಲಿ ಎಷ್ಟು ಅಂತಸ್ತು ಕಟ್ಟಬಹುದು ಎಂಬುದು ನಗರ, ಕೌಂಟಿ, ರಾಜ್ಯಗಳ ವಿಷಯ. ನ್ಯೂಯಾರ್ಕ್‌ನಲ್ಲಿ ಬಾಡಿಗೆ ಸ್ಥಗಿತದ ಘೋಷಣೆ ಮೇಯರ್ ಚುನಾವಣೆಯನ್ನೇ ಗೆಲ್ಲಿಸಿತು, ನಿಜ. ಆದರೆ ಬಾಡಿಗೆ ನಿಗದಿ ಮಾಡುವುದು ಮೇಯರ್ ನೇಮಿಸುವ ಮಂಡಳಿ, ವಾಷಿಂಗ್ಟನ್ನಿನ ಸದಸ್ಯರಲ್ಲ. ಬಡ್ಡಿದರ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನದು. ಕಾಂಗ್ರೆಸ್ ಕೈಯಲ್ಲಿರುವುದು ತೆರಿಗೆ, ಸುಂಕ, ಆರೋಗ್ಯ ವಿಮೆಯ ಸಹಾಯಧನ, 65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ಔಷಧದ ದರ, ಮತ್ತು 2009ರ ಜುಲೈನಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿರುವ ಫೆಡರಲ್ ಕನಿಷ್ಠ ಕೂಲಿ. ‘ಖರ್ಚು ಇಳಿಸುತ್ತೇನೆ’ ಎಂದವರನ್ನು ಇವುಗಳಲ್ಲಿ ಯಾವುದರಿಂದ ಎಂದು ಕೇಳಬೇಕು.

ವಿಮೆಯ ವಿಷಯವನ್ನೇ ಬಿಡಿಸಿ ನೋಡೋಣ. ಕೆಲಸ ಕೊಟ್ಟ ಕಂಪನಿಯಿಂದ ವಿಮೆ ಇಲ್ಲದವರು ಒಬಾಮಾಕೇರ್ ಕಾಯ್ದೆಯಡಿ ಸರ್ಕಾರ ನಡೆಸುವ ವಿಮೆ ಮಾರುಕಟ್ಟೆಯಲ್ಲಿ ಪಾಲಿಸಿ ಕೊಳ್ಳುತ್ತಾರೆ. ಸ್ವಂತ ಅಂಗಡಿಯವರು, 65ಕ್ಕೆ ಮೊದಲೇ ನಿವೃತ್ತರಾದವರು ಇಂಥವರು. ಅಮೆರಿಕದ ಪೌರತ್ವ ಪಡೆದ ಮಗ ಊರಿನಿಂದ ಅಪ್ಪ–ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡರೆ ಅವರೂ ಈ ಸಾಲಿಗೇ ಬರುತ್ತಾರೆ. ಅಲ್ಲಿ ದುಡಿದ ದಾಖಲೆ ಇಲ್ಲದ ಹಿರಿಯರು 65 ದಾಟಿದ್ದರೂ ಐದು ವರ್ಷ ವಾಸ ತುಂಬುವವರೆಗೆ ಹಣ ಕಟ್ಟಿ ಮೆಡಿಕೇರ್ ಸೇರುವಂತಿಲ್ಲ. 2021ರಲ್ಲಿ ತಂದು 2022ರಲ್ಲಿ ಮುಂದುವರಿಸಿದ ಹೆಚ್ಚುವರಿ ಸಹಾಯಧನದಡಿ, ಸಹಾಯಧನದ ಲೆಕ್ಕಕ್ಕೆ ಮಾನದಂಡವಾದ ಪಾಲಿಸಿಗೆ ಯಾರೂ ಆದಾಯದ 8.5%ಕ್ಕಿಂತ ಹೆಚ್ಚು ಕಟ್ಟಬೇಕಿರಲಿಲ್ಲ. 2025ರ ಡಿಸೆಂಬರ್ 31ಕ್ಕೆ ಅದು ಮುಗಿಯಿತು. ಹಳೆಯ ನಿಯಮ ಮರಳಿತು: ಬಡತನ ರೇಖೆಯ 400% ದಾಟಿದರೆ ಸಹಾಯಧನ ಸೊನ್ನೆ.

ಇಬ್ಬರ ಕುಟುಂಬಕ್ಕೆ 2026ರ ಪಾಲಿಸಿಗೆ ಆ ಗೆರೆ 84,600 ಡಾಲರ್. 62 ವರ್ಷದ ಗಂಡ–ಹೆಂಡತಿಯ ಪಾಲಿಸಿ ವರ್ಷಕ್ಕೆ 24,000 ಡಾಲರ್ ಎಂದಿಟ್ಟುಕೊಳ್ಳಿ. ವರಮಾನ 84,000 ಆದರೆ ಅದರ 9.96%, ಅಂದರೆ ಸುಮಾರು 8,366 ಡಾಲರ್ ಅವರ ಪಾಲು, ಉಳಿದದ್ದು ಸರ್ಕಾರದ್ದು. ವರಮಾನ 85,000 ಆದರೆ ಇಡೀ 24,000 ಅವರೇ ಕಟ್ಟಬೇಕು. ಸಾವಿರ ಡಾಲರ್ ಹೆಚ್ಚು ದುಡಿದದ್ದಕ್ಕೆ ಹದಿನೈದು ಸಾವಿರಕ್ಕೂ ಮೇಲ್ಪಟ್ಟು ದಂಡ. ವರ್ಷದ ಕೊನೆಗೆ ಷೇರು ಮಾರಿದ್ದೋ, ನಿವೃತ್ತಿ ಖಾತೆಯಿಂದ ತುಸು ಹೆಚ್ಚು ತೆಗೆದದ್ದೋ ಸಾಕು, ಗೆರೆ ದಾಟಿಬಿಡುತ್ತದೆ. ಮುಂಗಡ ಪಡೆದ ಸಹಾಯಧನವನ್ನು ತೆರಿಗೆ ಸಲ್ಲಿಸುವಾಗ ಹಿಂದಿರುಗಿಸಬೇಕಾಗುತ್ತದೆ. 2025ರ ಅಕ್ಟೋಬರ್ 1ರಿಂದ 43 ದಿನ ಖರ್ಚಿಗೆ ಹಣ ಮಂಜೂರಾಗದೆ ಸರ್ಕಾರ ಬಾಗಿಲು ಹಾಕಿದ್ದಕ್ಕೆ ಮುಖ್ಯ ಕಾರಣ ಇದೇ ಜಗಳ.

ಇಲ್ಲಿ ಅಭ್ಯರ್ಥಿಯ ನಿಲುವು ಅಳೆಯಲು ಒಳ್ಳೆಯ ತಕ್ಕಡಿ ಸಿಗುತ್ತದೆ. ಸ್ಪೀಕರ್ ಒಂದು ಮಸೂದೆಯನ್ನು ಸದನಕ್ಕೆ ತರದಿದ್ದರೆ 218 ಸದಸ್ಯರು ‘ಡಿಸ್ಚಾರ್ಜ್ ಪಿಟಿಷನ್’ ಎಂಬ ಅರ್ಜಿಗೆ ಸಹಿ ಹಾಕಿ ಎಳೆದು ತರಬಹುದು. ಸಹಿ ಹಾಕಿದವರ ಹೆಸರು 1993ರವರೆಗೆ ಗುಟ್ಟಾಗಿತ್ತು, ಈಗ ಎಲ್ಲರಿಗೂ ಕಾಣುತ್ತದೆ. ಸಹಾಯಧನವನ್ನು ಮೂರು ವರ್ಷ ಮುಂದುವರಿಸುವ ಅರ್ಜಿಗೆ 2025ರ ಡಿಸೆಂಬರ್‌ನಲ್ಲಿ ಸ್ಪೀಕರ್ ಪಕ್ಷದವರೇ ಆದ ನಾಲ್ವರು ರಿಪಬ್ಲಿಕನ್ನರು ಸಹಿ ಹಾಕಿದಾಗ 218 ತುಂಬಿತು. 2026ರ ಜನವರಿ 8ರಂದು ಮಸೂದೆ ಸದನಕ್ಕೆ ಬಂದಾಗ 230–196ರಲ್ಲಿ ಪಾಸಾಯಿತು. ಪರವಾಗಿ ಮತ ಹಾಕಿದ ರಿಪಬ್ಲಿಕನ್ನರು 17. ನಾಲ್ವರಿಗೂ ಹದಿನೇಳಕ್ಕೂ ನಡುವಿನ ಹದಿಮೂರು ಮಂದಿ ಬಾಗಿಲು ತೆರೆಯಲು ಕೈ ಹಾಕಲಿಲ್ಲ, ತೆರೆದ ಮೇಲೆ ಒಳಬಂದರು. ಇತ್ತ ಸೆನೆಟ್‌ನಲ್ಲಿ ಇಂಥದ್ದೇ ಮಸೂದೆಗೆ ಡಿಸೆಂಬರ್‌ನಲ್ಲಿ ಸಿಕ್ಕಿದ್ದು 51 ಮತ, ನೂರು ಸದಸ್ಯರ ಆ ಮನೆಯಲ್ಲಿ ಚರ್ಚೆ ಮುಗಿಸಿ ಮಸೂದೆಯನ್ನು ಮತಕ್ಕೆ ಹಾಕಲು ಬೇಕಿದ್ದದ್ದು 60. ಆದ್ದರಿಂದ ಸೆನೆಟ್ ಅಭ್ಯರ್ಥಿ ‘ಖಂಡಿತ ಪಾಸು ಮಾಡಿಸುತ್ತೇನೆ’ ಎಂದರೆ 60ರ ನಿಯಮವನ್ನು ಉಳಿಸುತ್ತೀರೋ ತೆಗೆಯುತ್ತೀರೋ ಎಂಬ ಪ್ರಶ್ನೆ ಜೊತೆಗೇ ಬರಬೇಕು.

ಸುಂಕದ ಕಥೆ ಇನ್ನೂ ಸ್ವಾರಸ್ಯದ್ದು. ಸುಂಕ ಹಾಕುವ ಅಧಿಕಾರವನ್ನು ಅಮೆರಿಕದ ಸಂವಿಧಾನ ಕೊಟ್ಟಿರುವುದು ಕಾಂಗ್ರೆಸ್‌ಗೆ, ಮೊದಲ ವಿಧಿಯ 8ನೇ ಪ್ರಕರಣದಲ್ಲಿ. ಆದರೆ 2025ರಲ್ಲಿ ಅಧ್ಯಕ್ಷರು 1977ರ ತುರ್ತು ಆರ್ಥಿಕ ಅಧಿಕಾರ ಕಾಯ್ದೆ ಹಿಡಿದು ದೇಶ ದೇಶಕ್ಕೂ ಸುಂಕ ಹಾಕಿದರು. ಭಾರತಕ್ಕೆ ಆಗಸ್ಟ್‌ನಲ್ಲಿ 25%, ಅದೇ ತಿಂಗಳ 27ರಿಂದ ರಷ್ಯಾ ತೈಲದ ನೆಪದಲ್ಲಿ ಇನ್ನೊಂದು 25%. ಸುಂಕಕ್ಕಾಗಿ ಹೀಗೆ ಘೋಷಿಸಿದ ತುರ್ತುಸ್ಥಿತಿಯನ್ನು ರದ್ದುಪಡಿಸುವ ನಿರ್ಣಯವನ್ನು ಯಾವ ಸದಸ್ಯರಾದರೂ ತರಬಹುದು. ಸಮಿತಿ 15 ದಿನದೊಳಗೆ ಕಳಿಸಬೇಕು, ಆಮೇಲೆ ಸದನದಲ್ಲಿ ಮತದಾನ. ಇದನ್ನು ತಪ್ಪಿಸಲು ಕೆಳಮನೆಯ ಬಹುಮತ ಪಕ್ಷ 2025ರ ಮಾರ್ಚ್‌ನಲ್ಲಿ ಏನು ಮಾಡಿತು ಗೊತ್ತೇ? ಸರ್ಕಾರದ ಖರ್ಚಿನ ಮಸೂದೆಯ ಚರ್ಚೆಯನ್ನು ಹೇಗೆ ನಡೆಸಬೇಕು ಎಂಬ ನಿಯಮದ ನಿರ್ಣಯದೊಳಗೆ ಒಂದು ಸಾಲು ಸೇರಿಸಿತು: ಈ ಕೆಲಸದ ಮಟ್ಟಿಗೆ ಆ ಅಧಿವೇಶನದಲ್ಲಿ ಉಳಿದ ಯಾವ ದಿನವೂ ‘ಕ್ಯಾಲೆಂಡರ್ ದಿನ’ ಎಂದು ಲೆಕ್ಕಕ್ಕೆ ಬರುವುದಿಲ್ಲ. ಸೂರ್ಯ ಹುಟ್ಟಿ ಮುಳುಗಿದರೂ ದಿನ ದಿನವಲ್ಲ! ಹದಿನೈದು ದಿನ ತುಂಬುವ ಪ್ರಶ್ನೆಯೇ ಏಳಲಿಲ್ಲ. ಕ್ಷೇತ್ರದಲ್ಲಿ ‘ಸುಂಕದಿಂದ ನಮ್ಮ ರೈತರಿಗೆ ಕಷ್ಟ’ ಎಂದು ಕಣ್ಣೀರು ಹಾಕಿದವರಲ್ಲಿ ಎಷ್ಟೋ ಮಂದಿ ಆ ನಿಯಮಕ್ಕೆ ಹೂಂ ಅಂದವರು. ಅವರ ಮತ ‘ಸುಂಕ’ ಎಂಬ ಶೀರ್ಷಿಕೆಯಡಿ ಸಿಗುವುದಿಲ್ಲ, ಖರ್ಚಿನ ಮಸೂದೆಯ ನಿಯಮದಡಿ ಅಡಗಿರುತ್ತದೆ.

2026ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 1977ರ ಕಾಯ್ದೆಯಡಿ ಸುಂಕ ಹಾಕುವಂತಿಲ್ಲ ಎಂದಿತು. ಹಾಗೆಂದು ಕಥೆ ಮುಗಿದಿಲ್ಲ. 1962ರ ಕಾಯ್ದೆಯ 232, 1974ರ ಕಾಯ್ದೆಯ 301 ಮತ್ತು 122 ಎಂಬ ಸುಂಕ ಹಾಕುವ ಬೇರೆ ಪ್ರಕರಣಗಳು ಅಧ್ಯಕ್ಷರ ಕೈಯಲ್ಲಿವೆ. 122ರಡಿ 15% ಮೀರದಂತೆ 150 ದಿನ ಹಾಕಬಹುದು; ಮುಂದುವರಿಸಬೇಕಾದರೆ ಕಾಂಗ್ರೆಸ್ ಕಾಯ್ದೆ ಮಾಡಬೇಕು. ‘ಆ ಮತ ಬಂದರೆ ನೀವು ಯಾವ ಕಡೆ?’ ಎಂಬ ನೇರ ಪ್ರಶ್ನೆಗೆ ಹೊಸ ಅಭ್ಯರ್ಥಿಯೂ ಉತ್ತರಿಸಲೇಬೇಕು. ಇನ್ನೊಂದು ಮಾತು. 2025ರ ನವೆಂಬರ್‌ನಲ್ಲಿ ಕಾಫಿ, ಟೀ, ಬಾಳೆಹಣ್ಣು, ಕೆಲವು ಸಂಬಾರ ಪದಾರ್ಥಗಳನ್ನು ದೇಶ ದೇಶಕ್ಕೂ ಹಾಕಿದ್ದ ಆ ‘ಪ್ರತಿಸುಂಕ’ದ ಪಟ್ಟಿಯಿಂದ ತೆಗೆದದ್ದು ಭಾರತದ ಮೇಲಿನ ಪ್ರೀತಿಯಿಂದಲ್ಲ. ಅಲ್ಲಿನ ಅಂಗಡಿಯಲ್ಲಿ ಕಾಫಿ ತುಟ್ಟಿಯಾಗಿ ಮತದಾರರು ಗೊಣಗಿದ್ದರು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಇದು ದೊಡ್ಡ ಗೆಲುವೆಂದು ಬರೆದವರೂ ಇದ್ದಾರೆ. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ ಸೇರಿದಂತೆ ಯುರೋಪು, ಅಮೆರಿಕವಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ತಗಲಿದ ಪೆಟ್ಟು ಬೇರೆಯದೇ ಲೆಕ್ಕ.

ಸರ್ಕಾರದ ಮೇಲಿನ ನಿಗಾ ಎಂಬುದನ್ನು ನಮ್ಮ ಓದುಗರಿಗೆ ತಿಳಿಸುವುದು ಸುಲಭ. ನಮ್ಮ ಸಿಎಜಿಯಂಥದ್ದು ಅಲ್ಲಿನ ಜಿಎಒ, 1921ರಲ್ಲಿ ಹುಟ್ಟಿದ್ದು. ನಮ್ಮ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಜಾಗದಲ್ಲಿ ಅಲ್ಲಿ ಓವರ್‌ಸೈಟ್ ಸಮಿತಿ. ಆದರೆ ನಮ್ಮಲ್ಲಿ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರು ಅಧ್ಯಕ್ಷರಾಗುವುದು ವಾಡಿಕೆ. ಅಲ್ಲಿ ಎಲ್ಲ ಸಮಿತಿಗಳ ಅಧ್ಯಕ್ಷಗಿರಿಯೂ ಬಹುಮತ ಪಕ್ಷಕ್ಕೆ. ಸಮನ್ಸ್ ಹೊರಡಿಸುವ ಕೈ ಸಮಿತಿಯ ಅಧ್ಯಕ್ಷರದು. ಹಾಗಾಗಿ ‘ಗೆದ್ದರೆ ತನಿಖೆ ಮಾಡಿಸುತ್ತೇನೆ’ ಎಂಬ ಮಾತಿನ ಬೆಲೆ ಅವರ ಪಕ್ಷಕ್ಕೆ 218 ಸ್ಥಾನ, ಅಂದರೆ ಬಹುಮತ, ಸಿಗುತ್ತದೆಯೇ ಎಂಬುದರ ಮೇಲಿದೆ. ಸಮನ್ಸ್‌ಗೆ ಬಾರದವರ ಮೇಲೆ ಸದನದ ನಿಂದನೆ ಎಂದು ನಿರ್ಣಯ ಮಾಡಬಹುದು, ಆದರೆ ಮೊಕದ್ದಮೆ ಹೂಡುವುದು ನ್ಯಾಯ ಇಲಾಖೆ, ಅಂದರೆ ದೇಶದ ಅಧ್ಯಕ್ಷರ ಕೈಕೆಳಗಿನವರು. ಟ್ರಂಪ್ ಆಪ್ತರಾದ ಸ್ಟೀವ್ ಬ್ಯಾನನ್, ಪೀಟರ್ ನವಾರೊ 2024ರಲ್ಲಿ ತಲಾ ನಾಲ್ಕು ತಿಂಗಳು ಜೈಲು ಕಂಡರು. ಅದೇ ಬಗೆಯ ನಿರ್ಣಯಕ್ಕೆ ಒಳಗಾದ ಇನ್ನೊಬ್ಬ ಆಪ್ತ ಮಾರ್ಕ್ ಮೆಡೋಸ್ ಮೇಲೆ ಇಲಾಖೆ ಮೊಕದ್ದಮೆಯನ್ನೇ ಹೂಡಲಿಲ್ಲ.

ನಿಗಾದ ನಿಜವಾದ ಕೀಲಿ ಹಣದ ಪೆಟ್ಟಿಗೆ. ಕಾಂಗ್ರೆಸ್ ಮಂಜೂರು ಮಾಡಿದ ಹಣವನ್ನು ಅಧ್ಯಕ್ಷರು ಖರ್ಚು ಮಾಡದೆ ತಡೆಹಿಡಿಯಬಾರದು ಎಂದೇ 1974ರಲ್ಲಿ ಕಾಯ್ದೆ ಬಂತು. ಬೇಡವೆಂದರೆ ಅವರು ರದ್ದತಿಗೆ ಪ್ರಸ್ತಾವ ಕಳಿಸಬೇಕು. 45 ದಿನದೊಳಗೆ ಕಾಂಗ್ರೆಸ್ ಒಪ್ಪದಿದ್ದರೆ ಹಣ ಬಿಡುಗಡೆ ಮಾಡಬೇಕು. ಇದರಲ್ಲೊಂದು ಸಂದಿ ಇದೆ. ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಆಗಸ್ಟ್ ಕೊನೆಗೆ ಪ್ರಸ್ತಾವ ಕಳಿಸಿದರೆ 45 ದಿನ ತುಂಬುವ ಮೊದಲೇ ವರ್ಷ ಮುಗಿದು ಹಣ ತಾನಾಗಿಯೇ ಲಯವಾಗುತ್ತದೆ. 2025ರ ಆಗಸ್ಟ್ ಕೊನೆಯಲ್ಲಿ ವಿದೇಶಿ ನೆರವಿನ 490 ಕೋಟಿ ಡಾಲರ್ ಹೀಗೇ ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ವಾಷಿಂಗ್ಟನ್ನಿಗೂ ಹೊಂದುತ್ತದೆ. ‘ನಾನು ನಿಗಾ ಪರ’ ಎನ್ನುವ ಅಭ್ಯರ್ಥಿ ಈ ಸಂದಿ ಮುಚ್ಚುವ ತಿದ್ದುಪಡಿಗೆ ಒಪ್ಪುತ್ತಾರೆಯೇ? ತಮ್ಮದೇ ಪಕ್ಷದ ಅಧ್ಯಕ್ಷರಿದ್ದಾಗಲೂ ಒಪ್ಪುತ್ತಾರೆಯೇ? ಎರಡನೆಯದೇ ಮುಖ್ಯ ಪ್ರಶ್ನೆ. 2025ರ ಜನವರಿ 24ರ ರಾತ್ರಿ ಅಧ್ಯಕ್ಷ ಟ್ರಂಪ್ ಸುಮಾರು 17 ಇನ್‌ಸ್ಪೆಕ್ಟರ್ ಜನರಲ್‌ಗಳನ್ನು, ಅಂದರೆ ಇಲಾಖೆಗಳೊಳಗಿನ ತನಿಖಾಧಿಕಾರಿಗಳನ್ನು, ಒಂದೇ ಏಟಿಗೆ ತೆಗೆದರು. ಕಾರಣ ಸಹಿತ 30 ದಿನ ಮೊದಲು ಕಾಂಗ್ರೆಸ್‌ಗೆ ತಿಳಿಸಬೇಕೆಂದು ಕಾಯ್ದೆಯಿದೆ. ಇದು ಕಾನೂನುಬಾಹಿರ ಎಂದ ನ್ಯಾಯಾಲಯವೂ ಅವರನ್ನು ಮರಳಿ ಕೂರಿಸಲಿಲ್ಲ. ಸದಸ್ಯರಲ್ಲಿ ಯಾರು ಆಗ ಪತ್ರ ಬರೆದರು, ಯಾರು ಬಾಯಿ ಹೊಲಿದುಕೊಂಡರು ಎಂಬುದೂ ಸಿಗುವ ಮಾಹಿತಿಯೇ.

ಸದಸ್ಯರು ತಮ್ಮ ಮೇಲೆ ಇಟ್ಟುಕೊಂಡ ನಿಗಾ ಮಾತ್ರ ಹಲ್ಲಿಲ್ಲದ ಹಾವು. 2012ರ ಸ್ಟಾಕ್ ಕಾಯ್ದೆಯಂತೆ 1,000 ಡಾಲರ್ ಮೀರಿದ ಷೇರು ವಹಿವಾಟನ್ನು 45 ದಿನದೊಳಗೆ ತಿಳಿಸಬೇಕು. ತಡವಾದರೆ ದಂಡ 200 ಡಾಲರ್. ವರದಿಯಲ್ಲೂ ನಿಖರ ಮೊತ್ತವಿಲ್ಲ, 1,001ರಿಂದ 15,000, 15,001ರಿಂದ 50,000 ಎಂಬ ಅಂದಾಜಿನ ಶ್ರೇಣಿಗಳು. ಷೇರು ವಹಿವಾಟು ನಿಷೇಧಿಸುತ್ತೇನೆ ಎಂದು ಎರಡೂ ಪಕ್ಷದವರು ಹೇಳುತ್ತಾರೆ. ನಿಷೇಧ ಗಂಡ ಅಥವಾ ಹೆಂಡತಿಗೂ ಅನ್ವಯವೇ, ಈಗಿರುವ ಷೇರು ಮಾರಲೇಬೇಕೇ ಅಥವಾ ಟ್ರಸ್ಟ್‌ಗೆ ಹಾಕಿದರೆ ಸಾಕೇ ಎಂದು ಕೇಳಿದ ಕೂಡಲೇ ಒಮ್ಮತ ಕರಗುತ್ತದೆ.

ವಿದೇಶಾಂಗ ನೀತಿಯಲ್ಲಿ ನಮ್ಮ ವರದಿಗಳು ಹೆಚ್ಚು ಎಡವುತ್ತವೆ, ಏಕೆಂದರೆ ‘ಭಾರತದ ಮಿತ್ರ’ ಎಂಬ ಪಟ್ಟ ಅಗ್ಗ. ರಷ್ಯಾದ ತೈಲ ಕೊಳ್ಳುವ ದೇಶಗಳ ಮೇಲೆ 500% ಸುಂಕ ಹಾಕಲು 2025ರಲ್ಲಿ ಸೆನೆಟರ್ ಲಿಂಡ್ಸೆ ಗ್ರಹಾಂ ತಂದ ಮಸೂದೆಗೆ 80ಕ್ಕೂ ಹೆಚ್ಚು ಸೆನೆಟರ್‌ಗಳು ಸಹಪ್ರಾಯೋಜಕರಾಗಿ ಸಹಿ ಹಾಕಿದರು. ನೂರರಲ್ಲಿ ಎಂಬತ್ತು! ಇನ್ನೊಂದು ಕಡೆ, ಭಾರತದ ಮೇಲಿನ ಸುಂಕದ ತುರ್ತುಸ್ಥಿತಿ ಕೊನೆಗೊಳಿಸಲು 2025ರ ಡಿಸೆಂಬರ್‌ನಲ್ಲಿ ಕೆಳಮನೆಯಲ್ಲಿ ನಿರ್ಣಯ ತಂದವರು ಡೆಬೊರಾ ರಾಸ್, ಮಾರ್ಕ್ ವೀಸಿ, ರಾಜಾ ಕೃಷ್ಣಮೂರ್ತಿ, ಮೂವರು. ದೀಪಾವಳಿಯ ಫೋಟೊಗಳನ್ನು ಈ ಎರಡು ಪಟ್ಟಿಗಳ ಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಕೆಳಮನೆಗೂ ಸೆನೆಟ್‌ಗೂ ಅಧಿಕಾರ ಒಂದೇ ಅಲ್ಲ. ಒಪ್ಪಂದಕ್ಕೆ ಮೂರನೇ ಎರಡರ ಒಪ್ಪಿಗೆ, ದೆಹಲಿಗೆ ಬರುವ ರಾಯಭಾರಿಗೆ ಒಪ್ಪಿಗೆ ಸೆನೆಟ್‌ನದು ಮಾತ್ರ. ಯುದ್ಧದ ವಿಷಯದಲ್ಲಿ ಎರಡೂ ಮನೆಗಳಿಗೆ 1973ರ ಕಾಯ್ದೆಯಿದೆ: ಸೇನೆ ಕದನಕ್ಕಿಳಿದ 48 ಗಂಟೆಯೊಳಗೆ ಅಧ್ಯಕ್ಷರು ವರದಿ ಕೊಡಬೇಕು, ಕಾಂಗ್ರೆಸ್ ಒಪ್ಪದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು, ವಾಪಸಾತಿಗೆ ಇನ್ನು 30 ದಿನ. 2025ರ ಜೂನ್‌ನಲ್ಲಿ ಇರಾನ್ ಮೇಲೆ ಬಾಂಬ್ ಹಾಕಿದ ಮೇಲೆ ಸೆನೆಟರ್ ಟಿಮ್ ಕೇನ್ ತಂದ ಇಂಥ ನಿರ್ಣಯ ಸೆನೆಟ್‌ನಲ್ಲಿ 47–53ರಲ್ಲಿ ಬಿತ್ತು. ಗೆದ್ದಿದ್ದರೂ ಅಧ್ಯಕ್ಷರು ವಿಟೊ ಹಾಕುತ್ತಿದ್ದರು, ಅದನ್ನು ಮೀರಲು ಮೂರನೇ ಎರಡು ಬೇಕು. ಈ ತೊಡಕಿನ ಹಿಂದೆ ಭಾರತ ಮೂಲದ ಒಂದು ಹೆಸರಿದೆ. ಕೀನ್ಯಾದಲ್ಲಿ ಹುಟ್ಟಿದ ಜಗದೀಶ್ ರಾಯ್ ಛಡ್ಡಾ ಅವರ ಗಡಿಪಾರಿನ ಮೊಕದ್ದಮೆಯಲ್ಲಿ 1983ರಲ್ಲಿ ಸುಪ್ರೀಂ ಕೋರ್ಟ್, ಅಧ್ಯಕ್ಷರ ಸಹಿಗೆ ಕಳಿಸದೆ ಸದನವೇ ಸರ್ಕಾರದ ನಿರ್ಧಾರವನ್ನು ತಳ್ಳಿಹಾಕುವಂತಿಲ್ಲ ಎಂದಿತು. ಅವರು ಗೆದ್ದು ಅಮೆರಿಕದಲ್ಲೇ ಉಳಿದರು. ಕಾಂಗ್ರೆಸ್ ಮಾತ್ರ ಯುದ್ಧ, ಶಸ್ತ್ರ ಮಾರಾಟ, ತುರ್ತುಸ್ಥಿತಿ ಮೂರರಲ್ಲೂ ಸರಳ ಬಹುಮತದ ಕಡಿವಾಣ ಕಳೆದುಕೊಂಡಿತು. ಅದನ್ನು ಮರಳಿ ಪಡೆಯುವ ದಾರಿಯೊಂದಿದೆ: ತುರ್ತುಸ್ಥಿತಿ 30 ದಿನಕ್ಕೆ ತಾನಾಗಿ ಮುಗಿಯಲಿ, ಮುಂದುವರಿಸಲು ಕಾಂಗ್ರೆಸ್ ಮತ ಬೇಕಾಗಲಿ ಎಂಬ ತಿದ್ದುಪಡಿ. ಈ ಬಗ್ಗೆ ಅಭ್ಯರ್ಥಿಯ ಅಭಿಪ್ರಾಯ ಕೇಳಿದರೆ ನಿಗಾ, ವಿದೇಶಾಂಗ ಎರಡೂ ಒಟ್ಟಿಗೆ ಬಯಲಾಗುತ್ತವೆ.

ಕನ್ನಡಿಗರ ಮನೆಗಳನ್ನು ನೇರವಾಗಿ ತಟ್ಟುವುದು ಗ್ರೀನ್ ಕಾರ್ಡ್. ಉದ್ಯೋಗದ ಮೂಲಕ ವರ್ಷಕ್ಕೆ 1,40,000, ಅದರಲ್ಲಿ ಒಂದು ದೇಶಕ್ಕೆ 7%, ಅಂದರೆ 9,800ರ ಆಸುಪಾಸು. ಹೆಂಡತಿ, ಮಕ್ಕಳೂ ಅದೇ ಲೆಕ್ಕದಲ್ಲಿ. ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365–65ರಲ್ಲಿ ಪಾಸಾಯಿತು. ಸೆನೆಟ್ 2020ರ ಡಿಸೆಂಬರ್‌ನಲ್ಲಿ ತನ್ನದೇ ರೂಪದ ಮಸೂದೆಯನ್ನು ಪಾಸು ಮಾಡಿತು. ಎರಡೂ ರೂಪಗಳನ್ನು ಒಂದು ಮಾಡುವ ಮೊದಲೇ 2021ರ ಜನವರಿ 3ಕ್ಕೆ ಆ ಕಾಂಗ್ರೆಸ್‌ನ ಅವಧಿ ಮುಗಿದು ಮಸೂದೆ ಸತ್ತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದ್ದರಿಂದ ‘ಕಾನೂನುಬದ್ಧ ವಲಸೆಗೆ ನನ್ನ ಬೆಂಬಲ’ ಎಂಬ ವಾಕ್ಯವನ್ನು ದಯವಿಟ್ಟು ಸುದ್ದಿ ಮಾಡಬೇಡಿ. 7% ತೆಗೆಯುತ್ತೀರಾ, ಒಟ್ಟು ಸಂಖ್ಯೆ ಏರಿಸುತ್ತೀರಾ ಎಂದು ಬಿಡಿಬಿಡಿಯಾಗಿ ಕೇಳಿದ ಉತ್ತರವಿದ್ದರೆ ಪ್ರಕಟಿಸಿ. ಊರಿಗೆ ಕಳಿಸುವ ಹಣದ ತೆರಿಗೆಯದೂ ಇದೇ ಪಾಡು. ಮೊದಲು 5%, ಕೆಳಮನೆಯಲ್ಲಿ 3.5% ಎಂದಾಗ ಪುಟಗಟ್ಟಲೆ ಬಂತು. ಕೊನೆಗೆ ಕಾಯ್ದೆಯಾದದ್ದು 1%, ಅದೂ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್‌ಗೆ ಮಾತ್ರ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ. ಅದು ಬಂದದ್ದು ಒಂದು ಮೂಲೆಯಲ್ಲಿ.

ಹುಡುಕುವ ದಾರಿ ಕಷ್ಟದ್ದಲ್ಲ. ಕಾಂಗ್ರೆಸ್ ಡಾಟ್ ಗವ್ ತಾಣದಲ್ಲಿ ಸದಸ್ಯರ ಹೆಸರು ಹಾಕಿದರೆ ಅವರು ತಂದ, ಸಹಿ ಹಾಕಿದ ಮಸೂದೆಗಳೆಲ್ಲ ಬರುತ್ತವೆ. ಸಹಿಯ ತಾರೀಖು ನೋಡಿ. ಮಂಡಿಸಿದ ದಿನವೇ ಹಾಕಿದ್ದಕ್ಕೂ ಚುನಾವಣೆಗೆ ಆರು ವಾರ ಮೊದಲು ಹಾಕಿದ್ದಕ್ಕೂ ವ್ಯತ್ಯಾಸವಿದೆ. ‘ಎಚ್.ಆರ್.’ ಎಂದರೆ ಮಸೂದೆ, ‘ಎಚ್.ಜೆ.ರೆಸ್.’ ಎಂದರೆ ಅಧ್ಯಕ್ಷರ ಸಹಿಗೆ ಹೋಗುವ ನಿರ್ಣಯ, ‘ಎಚ್.ರೆಸ್.’ ಎಂದರೆ ಸದನದ ಒಳಗಿನದು. ದಿನವನ್ನು ದಿನವಲ್ಲ ಎಂದ ಸಾಲು ಇದ್ದದ್ದು ಈ ಕೊನೆಯದರಲ್ಲಿ, ಎಲ್ಲರೂ ದಾಟಿಹೋಗುವ ಜಾಗದಲ್ಲಿ. ಹೊಸಬರಾದರೆ ರಾಜ್ಯದ ಶಾಸನಸಭೆಯಲ್ಲಿ ಹಾಕಿದ ಮತ, ಪಕ್ಷದೊಳಗಿನ ಪ್ರೈಮರಿ ಚರ್ಚೆಯಲ್ಲಿ ಹೇಳಿದ್ದು, ಆಮೇಲೆ ತಾಣದಿಂದ ಅಳಿಸಿದ್ದು ನೋಡಬೇಕು. ಪ್ರೈಮರಿ ಮುಗಿದ ಮಾರನೇ ದಿನ ಅಭ್ಯರ್ಥಿಯ ‘ನಿಲುವುಗಳು’ ಪುಟ ಮೆತ್ತಗಾಗುವುದು ಹಳೆಯ ರೂಢಿ.

ಅಲ್ಲಿರುವ ಬಂಧುಗಳಿಗಾಗಿ ಒಂದು ಎಚ್ಚರಿಕೆಯನ್ನೂ ಅಚ್ಚು ಹಾಕಿದರೆ ಉಪಕಾರ. ಮತ ಪೌರರಿಗೆ ಮಾತ್ರ. ಡ್ರೈವಿಂಗ್ ಲೈಸೆನ್ಸ್ ಕಚೇರಿಯ ಫಾರಂನಲ್ಲಿ ಮತದಾರರ ನೋಂದಣಿಯ ಚೌಕವೂ ಇರುತ್ತದೆ. ಗ್ರೀನ್ ಕಾರ್ಡಿನವರು ಓದದೆ ಟಿಕ್ ಹಾಕಿ ಆಮೇಲೆ ಪೌರತ್ವದ ಸಂದರ್ಶನದಲ್ಲಿ ಸಿಕ್ಕಿಬೀಳುತ್ತಾರೆ. ದೇಣಿಗೆಯ ನಿಯಮ ಬೇರೆ. ಗ್ರೀನ್ ಕಾರ್ಡಿನವರು ಕೊಡಬಹುದು, 2025–26ರ ಅವಧಿಯಲ್ಲಿ ಒಬ್ಬ ಅಭ್ಯರ್ಥಿಗೆ ಪ್ರೈಮರಿಗೆ 3,500, ಅಂತಿಮ ಚುನಾವಣೆಗೆ 3,500 ಡಾಲರ್ ಮಿತಿ. ಎಚ್–1ಬಿಯವರು ಒಂದು ಡಾಲರ್ ಕೊಟ್ಟರೂ ತಪ್ಪು. ಸಂಬಳವಿಲ್ಲದೆ ಕರಪತ್ರ ಹಂಚಬಹುದು. ಕನ್ನಡ ಕೂಟದ ಅಡುಗೆಯ ಮಧ್ಯೆ ಅಭ್ಯರ್ಥಿಗೆ ಚಂದಾ ಎತ್ತುವಾಗ, ಮಗಳ ಮನೆಗೆ ಬಂದ ಅಪ್ಪನ ಕೈಯ ಇಪ್ಪತ್ತೈದು ಡಾಲರನ್ನು ಮಗಳ ಹೆಸರಲ್ಲಿ ಬರೆಸುವುದೂ ಅಲ್ಲಿ ಅಪರಾಧ.

ಇಂತಿ,
ನಿಮ್ಮ ಓದುಗ